ತಪ್ಪು ಮಾಡುವ ಸಲುಗೆ

2015ರ ಡಿಸೆಂಬರ್ 9ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂದು ಮೊಕದ್ದಮೆಯ ವಾದ ನಡೆಯುತ್ತಿತ್ತು. ವಿದ್ಯಾರ್ಥಿಗಳನ್ನು ಆರಿಸುವಾಗ ಟೆಕ್ಸಾಸ್ ವಿಶ್ವವಿದ್ಯಾಲಯ ಅವರ ಜನಾಂಗವನ್ನೂ ಒಂದು ಅಂಶವಾಗಿ ಪರಿಗಣಿಸುವುದು ಸರಿಯೇ ಎಂಬುದು ವಿವಾದ. ಬೇರೆ ಬೇರೆ ಹಿನ್ನೆಲೆಯವರು ಒಟ್ಟಿಗೆ ಕೂತು ಓದಿದರೆ ಎಲ್ಲರ ಕಲಿಕೆಗೂ ಒಳ್ಳೆಯದು ಎಂಬುದು ವಿಶ್ವವಿದ್ಯಾಲಯದ ವಾದಗಳಲ್ಲೊಂದು. ಆಗ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಂದು ಪ್ರಶ್ನೆ ಹಾಕಿದರು. ಅಲ್ಪಸಂಖ್ಯಾತ ವಿದ್ಯಾರ್ಥಿಯೊಬ್ಬ ಭೌತಶಾಸ್ತ್ರದ ತರಗತಿಗೆ ತರುವ ವಿಶೇಷ ದೃಷ್ಟಿಕೋನ ಯಾವುದು ಎಂಬುದು ಅದರ ಸಾರ.

ಇತಿಹಾಸದ ತರಗತಿಯೋ ಸಾಹಿತ್ಯದ ತರಗತಿಯೋ ಆಗಿದ್ದರೆ ಉತ್ತರ ಸುಲಭವಿತ್ತು. ಭೌತಶಾಸ್ತ್ರದಲ್ಲಿ ಹಾಗಿಲ್ಲ. ಕಲ್ಲನ್ನು ಕೈಬಿಟ್ಟವರು ಯಾವ ಬಣ್ಣದವರು, ಯಾವ ಜಾತಿಯವರು, ಗಂಡೋ ಹೆಣ್ಣೋ ಎಂದು ನೋಡಿಕೊಂಡು ಅದು ಬೀಳುವುದಿಲ್ಲ. ಹಾಗಾದರೆ ಲ್ಯಾಬಿನೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬುದರಿಂದ ಆಗುವುದೇನು? ನ್ಯಾಯಮೂರ್ತಿಗಳ ಪ್ರಶ್ನೆಗೆ ಮೇಲುನೋಟಕ್ಕಿರುವ ಬಲ ಇದೇ. ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಈ ಪ್ರಶ್ನೆಯನ್ನು ಮೊದಲು ಓದಿದಾಗ ಸಿಟ್ಟು ಬಂತು. ಆಮೇಲೆ ಉತ್ತರ ಹುಡುಕಲು ಹೋದೆ, ಅದು ನಾನು ಅಂದುಕೊಂಡಷ್ಟು ಸುಲಭವಾಗಿ ಸಿಗಲಿಲ್ಲ.

ಸಾಮಾನ್ಯವಾಗಿ ಕೊಡುವ ಉತ್ತರ ಒಂದಿದೆ. ವಿಜ್ಞಾನದ ನಿಯಮಗಳು ಎಲ್ಲರಿಗೂ ಒಂದೇ ಇರಬಹುದು, ಆದರೆ ಯಾವ ಪ್ರಶ್ನೆ ಕೇಳಬೇಕು, ಯಾವುದಕ್ಕೆ ಹಣ ಹಾಕಬೇಕು, ಯಾವ ಉಪಕರಣ ಕಟ್ಟಬೇಕು ಎಂದು ತೀರ್ಮಾನಿಸುವವರು ಮನುಷ್ಯರು. ಬೇರೆ ಬೇರೆ ಬದುಕಿನವರು ಬಂದರೆ ಬೇರೆ ಬೇರೆ ಪ್ರಶ್ನೆಗಳು ಬರುತ್ತವೆ, ವಿಜ್ಞಾನಕ್ಕೇ ಲಾಭ. ಈ ಮಾತಿನಲ್ಲಿ ಸತ್ಯವಿದೆ. ಆದರೂ ಇದು ನನಗೆ ಸಾಲದು ಅನ್ನಿಸಿತು. ಹೀಗೆ ಉತ್ತರಿಸಿದ ಕೂಡಲೇ ನಾವು ಬಾಗಿಲ ಹೊರಗೆ ನಿಂತವನ ಕೈಗೊಂದು ಹೊರೆ ಕೊಟ್ಟಂತಾಗುತ್ತದೆ. ಒಳಗೆ ಬರಬೇಕಾದರೆ ಒಳಗಿನವರಿಗೆ ಏನಾದರೂ ಉಪಯೋಗ ತಾ, ಬೇರೆ ಯಾರಿಗೂ ಕಾಣದ್ದನ್ನು ಕಂಡು ತೋರಿಸು, ಅಂತ. ಆ ಪ್ರಶ್ನೆ ಬಂದಾಗ ಅಮೆರಿಕದ ಸಾವಿರಕ್ಕೂ ಹೆಚ್ಚು ಭೌತವಿಜ್ಞಾನಿಗಳು ಮತ್ತು ಖಗೋಳವಿಜ್ಞಾನಿಗಳು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಆ ವಿದ್ಯಾರ್ಥಿಗಳು ತಾವು ಅಲ್ಲಿರುವುದಕ್ಕೆ ಸಮರ್ಥನೆ ಕೊಡಬೇಕೆಂಬ ನಿರೀಕ್ಷೆಯನ್ನೇ ಅವರು ಒಪ್ಪಲಿಲ್ಲ.

ಈ ಪ್ರಶ್ನೆಯನ್ನು ಯಾರಿಗೆ ಕೇಳುವುದಿಲ್ಲ ಎಂದು ಯೋಚಿಸಿದರೆ ವಿಷಯ ತಿಳಿಯಾಗುತ್ತದೆ. ಟೆಕ್ಸಾಸಿನ ಅನುಕೂಲಸ್ಥ ಮನೆಯ ಬಿಳಿಯ ಹುಡುಗನೊಬ್ಬ ಭೌತಶಾಸ್ತ್ರಕ್ಕೆ ಸೇರಿದರೆ ಅವನ ವಿಶೇಷ ದೃಷ್ಟಿಕೋನ ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ಅಪ್ಪ ಎಂಜಿನಿಯರ್ ಎಂದು, ನಕ್ಷತ್ರ ನೋಡುವುದು ಇಷ್ಟವೆಂದು, ಬೇರೇನು ಓದುವುದೆಂದು ತೋಚಲಿಲ್ಲವೆಂದು ಅವನು ಸೇರಿರಬಹುದು. ಮಧ್ಯಮ ದರ್ಜೆಯಲ್ಲಿ ಪಾಸಾಗಬಹುದು. ಒಂದೆರಡು ಪ್ರಯೋಗ ಕೆಡಿಸಬಹುದು. ಅದರಿಂದ ಬಿಳಿಯರಿಗೆ ಭೌತಶಾಸ್ತ್ರ ಬರುವುದಿಲ್ಲ ಎಂದು ಯಾರೂ ಅನ್ನುವುದಿಲ್ಲ. ಅವನಿಗೆ ಸಾಧಾರಣನಾಗಿರುವ ಸಲುಗೆ ಇದೆ. ಹೊರಗಿನಿಂದ ಬಂದವನಿಗೆ ಆ ಸಲುಗೆ ಇಲ್ಲ. ಅವನ ತಪ್ಪು ಅವನೊಬ್ಬನದಾಗಿ ಉಳಿಯುವುದಿಲ್ಲ, ಅವನಂಥವರ ಲೆಕ್ಕಕ್ಕೆಲ್ಲ ಸೇರಿಬಿಡುತ್ತದೆ.

ನನಗೆ ಇದು ಬರೀ ಘನತೆಯ ಪ್ರಶ್ನೆಯಾಗಿ ಕಾಣುವುದಿಲ್ಲ. ಸಂಶೋಧನೆ ಎಂಬ ಕೆಲಸದ ಸ್ವಭಾವಕ್ಕೇ ಇದು ಸಂಬಂಧಿಸಿದ್ದು. ಅದಕ್ಕೆ ನಮ್ಮ ಕಾಲೇಜಿನ ಲ್ಯಾಬಿನದೇ ಒಂದು ಸಂಗತಿ ಹೇಳಬೇಕು.

ಬಿ.ಎಸ್ಸಿ. ಮೊದಲ ವರ್ಷದಲ್ಲಿ ಬಾರ್ ಪೆಂಡ್ಯುಲಮ್ ಎಂಬ ಪ್ರಯೋಗವಿದೆ. ತೂತುಗಳಿರುವ ಕಬ್ಬಿಣದ ಪಟ್ಟಿಯೊಂದನ್ನು ಗೋಡೆಯ ಬ್ರ್ಯಾಕೆಟ್ಟಿಗೆ ತೂಗುಹಾಕಿ, ಒಂದೊಂದು ತೂತಿನಿಂದಲೂ ಅದು ತೂಗಾಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಅಳೆದು, ಗುರುತ್ವದ ವೇಗೋತ್ಕರ್ಷವನ್ನು ಲೆಕ್ಕ ಹಾಕುವುದು. ಉತ್ತರ 9.8ರ ಹತ್ತಿರ ಬರಬೇಕು. ಬರಬೇಕೆಂದು ಎಲ್ಲರಿಗೂ ಮೊದಲೇ ಗೊತ್ತು. ಹಾಗಾಗಿ ಬಂದೇ ಬರುತ್ತದೆ. ಬರದಿದ್ದರೆ ಬರಿಸಲಾಗುತ್ತದೆ. ವಿಜ್ಞಾನ ಓದಿದವರಿಗೆ ಈ ಗುಟ್ಟು ಹೊಸದಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ 9.4 ತಂದಳು. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು, ಅವಳ ಮನೆಯಲ್ಲಿ ಅವಳಿಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಮತ್ತೆ ಮಾಡಿದಳು, ಮತ್ತೆ 9.4ರ ಆಸುಪಾಸು. “ಸರ್, ಮೂರು ಸಲ ಮಾಡಿದೆ, ಇಷ್ಟೇ ಬರ್ತಿದೆ, ಯಾಕೆ?” ಎಂದು ಕೇಳಿದಳು. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರವಿತ್ತು, ಸಹಿಗೆ ಕಾದಿದ್ದ ರೆಕಾರ್ಡುಗಳು ಮೇಜಿನ ತುಂಬ ಇದ್ದವು. “ಎಲ್ಲೋ ಎಣಿಸೋದು ತಪ್ಪಿದೀಯ, ರೀಡಿಂಗ್ ತಿದ್ದಿ ಬರ್ಕೊಂಡು ಬಾಮ್ಮ” ಅಂದೆ. ತಿದ್ದಿ ಬರೆದುಕೊಂಡು ಬಂದಳು. ಸಹಿ ಹಾಕಿದೆ.

ರಜೆಯಲ್ಲಿ ಲ್ಯಾಬಿಗೆ ಸುಣ್ಣ ಹೊಡೆಸುವಾಗ ಆ ಬ್ರ್ಯಾಕೆಟ್ಟಿನ ತಿರುಪು ಸಡಿಲವಾಗಿರುವುದು ಕಂಡಿತು. ಲೋಲಕದ ಆಧಾರವೇ ಅಲುಗಾಡಿದರೆ ತೂಗಾಟದ ಅವಧಿ ತುಸು ಹೆಚ್ಚುತ್ತದೆ, ಗುರುತ್ವದ ಬೆಲೆ ಕಡಿಮೆ ಬರುತ್ತದೆ. ಅವಳು ಎಣಿಸಿದ್ದು ತಪ್ಪಿರಲಿಲ್ಲ. ಇದೇ ಸಂಗತಿಯನ್ನು 1870ರ ದಶಕದಲ್ಲಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಎಂಬಾತ ಪತ್ತೆ ಮಾಡಿದ್ದ. ತತ್ವಶಾಸ್ತ್ರದವರಿಗೆ ಅವನು ಪ್ರಾಗ್ಮ್ಯಾಟಿಸಂ ಪಂಥವನ್ನು ಹುಟ್ಟುಹಾಕಿದವನಾಗಿ ಗೊತ್ತು. ಆದರೆ ಅವನ ಸಂಬಳದ ಕೆಲಸ ಅಮೆರಿಕದ ಕರಾವಳಿ ಸರ್ವೆ ಇಲಾಖೆಯಲ್ಲಿ ಲೋಲಕದಿಂದ ಗುರುತ್ವ ಅಳೆಯುವುದು. ಯುರೋಪಿನ ಪರಿಣತರು ಬಳಸುತ್ತಿದ್ದ ಲೋಲಕದ ಸ್ಟ್ಯಾಂಡೇ ಸೂಕ್ಷ್ಮವಾಗಿ ಬಾಗುತ್ತಿದೆ, ಅದರಿಂದ ಅಳತೆಗಳು ಕೆಟ್ಟಿವೆ ಎಂದು ಅವನು ತೋರಿಸಿಕೊಟ್ಟ. ಅವನ ಕೈಯಲ್ಲಿ ಅದು ಶೋಧವಾಯಿತು. ನನ್ನ ವಿದ್ಯಾರ್ಥಿನಿಯ ಕೈಯಲ್ಲಿ ತಿದ್ದಬೇಕಾದ ತಪ್ಪಾಯಿತು. ಅವನಿಗೆ ಇದು ಯಾಕೆ ಹೀಗೆ ಎಂದು ಬೆನ್ನುಹತ್ತಲು ಕಾಲ, ಸಂಬಳ, ಕೇಳಿಸಿಕೊಳ್ಳುವ ಜನ ಇದ್ದರು. ಅವಳಿಗೆ ನಾನಿದ್ದೆ.

ಪದವಿ ಓದುವವರಿಗೆ ಸಂಶೋಧನಾ ಇಂಟರ್ನ್‌ಶಿಪ್ ಎಂಬುದು ಯಾಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ ಎಂದುಕೊಂಡಿದ್ದೇನೆ. ತರಗತಿಯ ಪ್ರಯೋಗದಲ್ಲಿ ಉತ್ತರ ಮೊದಲು, ಅಳತೆ ಆಮೇಲೆ. ಸಂಶೋಧನೆಯಲ್ಲಿ ಉತ್ತರ ಗೈಡಿಗೂ ಗೊತ್ತಿರುವುದಿಲ್ಲ. ಅಲ್ಲಿ ಬೇಕಾದ ಗುಣಗಳೇ ಬೇರೆ. ಬೇಸರದ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ನನಗೆ ಅರ್ಥವಾಗಲಿಲ್ಲ ಎಂದು ಗಟ್ಟಿಯಾಗಿ ಹೇಳುವುದು, ಬಾರದ ಉತ್ತರದ ಜೊತೆ ವಾರಗಟ್ಟಲೆ ಬದುಕುವುದು. ಪರೀಕ್ಷೆಯ ಅಂಕಗಳಲ್ಲಿ ಇವು ಕಾಣುವುದಿಲ್ಲ. ಲ್ಯಾಬಿನೊಳಗೆ ಕಾಲಿಟ್ಟ ಮೇಲೆಯೇ ಇವು ಇವೆಯೋ ಇಲ್ಲವೋ ಎಂದು ಗೊತ್ತಾಗುವುದು, ಎಷ್ಟೋ ಸಲ ಹುಟ್ಟುವುದೂ ಅಲ್ಲಿಯೇ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1987ರಲ್ಲಿ ಇಂಥ ಒಂದು ಯೋಜನೆ ಶುರು ಮಾಡಿತು. ಅಲ್ಲಿನ ವಿದ್ಯಾರ್ಥಿಗಳು ಅದನ್ನು ಆರ್.ಇ.ಯು. ಎಂದು ಕರೆಯುತ್ತಾರೆ. ಬೇಸಿಗೆಯಲ್ಲಿ ಹೆಚ್ಚುಕಡಿಮೆ ಹತ್ತು ವಾರ, ಒಂದು ಕೇಂದ್ರದಲ್ಲಿ ಹತ್ತು ಮಂದಿಯ ಆಸುಪಾಸು ಪದವಿ ವಿದ್ಯಾರ್ಥಿಗಳು, ಪ್ರತಿಯೊಬ್ಬರಿಗೂ ಒಂದು ಸಂಶೋಧನಾ ತಂಡ, ಜೊತೆಗೆ ಸ್ಟೈಪೆಂಡ್. ಆಯ್ಕೆಯಾದವರಲ್ಲಿ ಆತಿಥೇಯ ಸಂಸ್ಥೆಯ ಹೊರಗಿನವರು, ಅದರಲ್ಲೂ ಸಂಶೋಧನೆಗೆ ಅವಕಾಶ ಕಡಿಮೆ ಇರುವ ಕಾಲೇಜುಗಳವರು ಗಣನೀಯ ಸಂಖ್ಯೆಯಲ್ಲಿರಬೇಕು ಎಂಬುದು ಅದರ ಒಂದು ನಿಯಮ. ಸ್ಟೈಪೆಂಡ್ ಸಣ್ಣ ವಿಷಯವಲ್ಲ. ಬೇಸಿಗೆಯಲ್ಲಿ ಕೆಲಸ ಮಾಡಿ ಮುಂದಿನ ವರ್ಷದ ಫೀಸು ಹೊಂದಿಸಬೇಕಾದವರಿಗೆ ಸಂಬಳವಿಲ್ಲದ ಇಂಟರ್ನ್‌ಶಿಪ್ ಎಂದರೆ ತೆರೆದೇ ಇರುವ, ಆದರೆ ದಾಟಲಾಗದ ಬಾಗಿಲು.

ಇಷ್ಟಾದರೂ ಅಲ್ಲಿನ ಚಿತ್ರ ಹೆಚ್ಚು ಬದಲಾಗಿಲ್ಲ. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಅಮೆರಿಕದಲ್ಲಿ ಭೌತಶಾಸ್ತ್ರದ ಪದವಿ ಪಡೆದವರಲ್ಲಿ ಹೆಣ್ಣುಮಕ್ಕಳು ಸುಮಾರು ಐದನೇ ಒಂದು ಭಾಗ, ಆಫ್ರಿಕನ್ ಅಮೆರಿಕನ್ನರು ಶೇ. 4ರ ಆಸುಪಾಸು. 2020ರಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ ಹೊರತಂದ ವರದಿಯೊಂದು ಇದರ ಕಾರಣಗಳನ್ನು ಹುಡುಕಿತು. ವಿದ್ಯಾರ್ಥಿಗಳ ಬುದ್ಧಿಯಲ್ಲೋ ಆಸಕ್ತಿಯಲ್ಲೋ ಕೊರತೆಯಿದೆ ಎಂದು ಅದು ಹೇಳಲಿಲ್ಲ. ಅದು ಎತ್ತಿ ತೋರಿಸಿದ ಅಂಶಗಳಲ್ಲಿ ಎರಡು: ಇದು ನನ್ನ ಜಾಗ ಎಂಬ ಭಾವ, ಮತ್ತು ನಾನೂ ಒಬ್ಬ ಭೌತವಿಜ್ಞಾನಿ ಎಂದು ತನ್ನನ್ನು ತಾನೇ ಕಂಡುಕೊಳ್ಳುವುದು. ಜೊತೆಗೆ ಹಣಕಾಸಿನ ಆಸರೆ. ಇವೆರಡು ಭಾವಗಳು ಪುಸ್ತಕದಿಂದ ಬರುವುದಿಲ್ಲ. ಒಂದು ಲ್ಯಾಬಿನ ಮೂಲೆಯಲ್ಲಿ ನಿಮ್ಮದೇ ಎಂಬ ಒಂದು ಮೇಜು, ನಿಮ್ಮ ಹೆಸರು ಹಿಡಿದು ಕರೆದು “ಇವತ್ತು ಏನು ಬಂತು?” ಎಂದು ಕೇಳುವ ಒಬ್ಬ ಹಿರಿಯ ಇದ್ದಾಗ ಬರುತ್ತವೆ.

ಅದಿಲ್ಲದೆ ಬರೀ ಪದವಿ ಸಿಕ್ಕಿದರೆ ಏನಾಗುತ್ತದೆಂಬುದಕ್ಕೆ ಹಳೆಯದೊಂದು ನಿದರ್ಶನವಿದೆ. ಎಡ್ವರ್ಡ್ ಬುಷೆ 1876ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ. ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಡಾಕ್ಟರೇಟ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವನೇ. ಆದರೆ ಸಂಶೋಧನೆಗೆ ಅವನಿಗೆ ಎಲ್ಲೂ ಜಾಗ ಸಿಗಲಿಲ್ಲ. ಫಿಲಡೆಲ್ಫಿಯಾದಲ್ಲಿ ಕಪ್ಪು ಮಕ್ಕಳ ಶಾಲೆಯೊಂದರಲ್ಲಿ 26 ವರ್ಷ ವಿಜ್ಞಾನ ಪಾಠ ಮಾಡಿದ. ಅದು ಗೌರವದ ಕೆಲಸವೇ. ಆದರೆ ಅವನು ಆರಿಸಿಕೊಳ್ಳಬಹುದಾಗಿದ್ದ ಕೆಲಸಗಳಲ್ಲಿ ಅದೊಂದಾಗಿರಲಿಲ್ಲ, ಅವನಿಗೆ ಉಳಿದಿದ್ದ ಕೆಲಸ ಅದಾಗಿತ್ತು.

ಎಂಬತ್ತು ವರ್ಷಗಳ ನಂತರದ ಇನ್ನೊಬ್ಬ, ಜೇಮ್ಸ್ ವೆಸ್ಟ್. 1931ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವನು. ಭೌತಶಾಸ್ತ್ರ ಓದುತ್ತೇನೆಂದಾಗ ಮನೆಯಲ್ಲಿ ವಿರೋಧ. ವೆಸ್ಟ್ ಹೇಳಿಕೊಂಡಿರುವಂತೆ, ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಕೊನೆಗೆ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ಮೂವರು ಕಪ್ಪು ಜನರನ್ನು ಅಪ್ಪ ಅವನಿಗೆ ತೋರಿಸಿದ್ದರು. ಅಪ್ಪನ ಅಂಜಿಕೆ ಸುಳ್ಳಾಗಿರಲಿಲ್ಲ. ಆದರೆ ವೆಸ್ಟ್ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಬೇಸಿಗೆಗಳಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಇಂಟರ್ನ್ ಆಗಿ ಕೆಲಸ ಮಾಡುವ ಅವಕಾಶ ಸಿಕ್ಕಿತು. 1957ರಲ್ಲಿ ಅಲ್ಲೇ ಕೆಲಸ ಸಿಕ್ಕಿತು. 1962ರಲ್ಲಿ ಗೆರ್ಹಾರ್ಡ್ ಸೆಸ್ಲರ್ ಜೊತೆ ಸೇರಿ, ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ತೆಳು ಪಾಲಿಮರ್ ಹಾಳೆಯಿಂದ ಅಗ್ಗದ, ಪುಟ್ಟ ಮೈಕ್ರೊಫೋನ್ ಮಾಡಿದ. ಒಂದು ಕಾಲಕ್ಕೆ ಜಗತ್ತಿನಲ್ಲಿ ತಯಾರಾಗುವ ಮೈಕ್ರೊಫೋನ್‌ಗಳಲ್ಲಿ ಬಹುಪಾಲು ಈ ಎಲೆಕ್ಟ್ರೆಟ್ ಬಗೆಯವು. ಟೆಲಿಫೋನು, ಟೇಪ್ ರೆಕಾರ್ಡರು, ಕಿವಿಗೆ ಹಾಕುವ ಶ್ರವಣಯಂತ್ರ, ಎಲ್ಲದರಲ್ಲೂ ಅದಿತ್ತು. 1970ರ ದಶಕದಲ್ಲಿ ವೆಸ್ಟ್ ಮತ್ತು ಅವನ ಕಪ್ಪು ಸಹೋದ್ಯೋಗಿಗಳ ಸಂಘ ಒತ್ತಾಯ ತಂದಿದ್ದರ ಫಲವಾಗಿ ಬೆಲ್ ಲ್ಯಾಬ್ಸ್ ಅಲ್ಪಸಂಖ್ಯಾತರಿಗೂ ಹೆಣ್ಣುಮಕ್ಕಳಿಗೂ ಬೇಸಿಗೆ ಸಂಶೋಧನಾ ಯೋಜನೆಗಳನ್ನು ನಡೆಸಿತು.

ಇಂಟರ್ನ್‌ಶಿಪ್‌ಗಳ ಪರವಾಗಿ ಮಾತಾಡುವವರು ಇಂಥ ಕಥೆಗಳನ್ನು ಇಷ್ಟಪಡುತ್ತೇವೆ. ನಾನೂ ಈಗ ಹೇಳಿದೆ. ಹೇಳುತ್ತಲೇ ಒಂದು ಅನುಮಾನವೂ ಬಂತು. ವೆಸ್ಟ್ ಮೈಕ್ರೊಫೋನ್ ಕಂಡುಹಿಡಿಯದೆ, ಒಳ್ಳೆಯ ಆದರೆ ಯಾರಿಗೂ ಹೆಸರು ಗೊತ್ತಿಲ್ಲದ ಸಂಶೋಧಕನಾಗಿ ನಿವೃತ್ತನಾಗಿದ್ದರೆ ಅವನ ಬೇಸಿಗೆಗಳು ದಂಡವಾಗುತ್ತಿದ್ದವೇ? ಅವನ ಜೊತೆ ಬಂದ ಬಿಳಿಯ ಇಂಟರ್ನ್‌ಗಳೆಲ್ಲ ಏನಾದರೂ ಕಂಡುಹಿಡಿದರೇ? ಸಾಧಿಸಿದವನ ಕಥೆಯಿಂದ ಅವಕಾಶವನ್ನು ಸಮರ್ಥಿಸಿದರೆ ನಾವು ಮತ್ತೆ ನ್ಯಾಯಮೂರ್ತಿಗಳ ಪ್ರಶ್ನೆಗೇ ಶರಣಾಗುತ್ತೇವೆ: ನೀನೇನು ತಂದೆ?

ಈ ಹೊರೆ ಎಷ್ಟು ಭಾರದ್ದೆಂದು ತಿಳಿಯಲು ಅಮೆರಿಕಕ್ಕೇ ಹೋಗಬೇಕಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಅದರ ದಾಖಲೆ ಇದೆ. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಬಾಂಬೆ ವಿಶ್ವವಿದ್ಯಾಲಯದಲ್ಲಿ ಭೌತ ಮತ್ತು ರಸಾಯನಶಾಸ್ತ್ರದ ಪದವಿಯಲ್ಲಿ ಮೊದಲಿಗರಾಗಿ ಬಂದು ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅವರ ತಂದೆ, ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದವರು. ಅಂಕ ಇತ್ತು, ಮನೆತನ ಇತ್ತು, ಪರಿಚಯವೂ ಇತ್ತು. ಆದರೂ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಬೇಡವೆಂದರು. ಕಮಲಾ ಪಟ್ಟು ಬಿಡದೆ ಕೂತ ಮೇಲೆ ಷರತ್ತಿನ ಮೇಲೆ ಸೇರಿಸಿಕೊಂಡರು. ಮೊದಲ ವರ್ಷ ಅವರು ಖಾಯಂ ವಿದ್ಯಾರ್ಥಿನಿಯಲ್ಲ, ಅವರ ಕೆಲಸ ಒಪ್ಪಿಗೆಯಾದರೆ ಮಾತ್ರ ಮುಂದಿನ ಮಾತು. ಕೆಲಸ ಒಪ್ಪಿಗೆಯಾಯಿತು. ಆಮೇಲೆ ರಾಮನ್ ಬೇರೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡರು.

ಇದನ್ನು ಗೆಲುವಿನ ಕಥೆಯಾಗಿ ಹೇಳುತ್ತೇವೆ, ಗೆಲುವೂ ಹೌದು. ಆದರೆ ಆ ಒಂದು ವರ್ಷವನ್ನು ಸ್ವಲ್ಪ ಊಹಿಸಿಕೊಳ್ಳಿ. ಇಪ್ಪತ್ತೆರಡರ ಹರೆಯದ ಹೆಣ್ಣುಮಗಳೊಬ್ಬಳು ಒಂದು ಪ್ರಯೋಗ ಕೆಡಿಸಿದ್ದರೆ, ಒಂದು ತಿಂಗಳು ಕಾಯಿಲೆ ಬಿದ್ದಿದ್ದರೆ, ವಿಷಯದಲ್ಲೇ ಆಸಕ್ತಿ ಕಳೆದುಕೊಂಡಿದ್ದರೆ, ಅವಳ ಹಿಂದೆ ಬರಬೇಕಾದವರಿಗೆಲ್ಲ ಬಾಗಿಲು ಮುಚ್ಚಿರುತ್ತಿತ್ತು. ಅವಳ ಪಕ್ಕದ ಹುಡುಗ ಸೋತರೆ ಅವನೊಬ್ಬನೇ ಸೋಲುತ್ತಿದ್ದ. ಆ ವರ್ಷ ಪರೀಕ್ಷೆಗೊಳಗಾಗಿದ್ದು ಕಮಲಾ ಒಬ್ಬರೇ ಅಲ್ಲ, ಹಾಗೆ ಒಂದು ಕುಲವನ್ನೇ ಒಬ್ಬರ ಹೆಗಲ ಮೇಲೆ ಹೊರಿಸಿ ಪರೀಕ್ಷಿಸುವುದು ಅನ್ಯಾಯ. ಪಾಸಾದರೂ ಅದು ಅನ್ಯಾಯವೇ.

1940ರಲ್ಲಿ ಅದೇ ಸಂಸ್ಥೆಯಲ್ಲಿ ರಾಮನ್ ಅವರ ಲ್ಯಾಬು ಸೇರಿದ ಅಣ್ಣಾ ಮಣಿಯವರು ವಜ್ರ ಮತ್ತು ಮಾಣಿಕ್ಯಗಳ ರೋಹಿತಗಳನ್ನು ಅಧ್ಯಯನ ಮಾಡಿದರು. ಒಂದೊಂದು ಫೋಟೊ ಫಲಕಕ್ಕೂ ಗಂಟೆಗಟ್ಟಲೆ ಬೆಳಕು ಬೀಳಿಸಬೇಕಾಗುತ್ತಿದ್ದರಿಂದ ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಕಳೆದರು. ಒಬ್ಬರೇ ಬರೆದ ಐದು ಸಂಶೋಧನಾ ಲೇಖನಗಳು ಪ್ರಕಟವಾದವು. 1945ರಲ್ಲಿ ಪ್ರಬಂಧ ಸಲ್ಲಿಸಿದಾಗ, ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಭೌತಶಾಸ್ತ್ರ ಮುಂದುವರಿಸಲು ಇಂಗ್ಲೆಂಡಿಗೆ ಹೋಗಬಯಸಿದವರಿಗೆ ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. ಅದನ್ನೇ ಕಲಿತು, 1948ರಲ್ಲಿ ಹಿಂದಿರುಗಿ, ಭಾರತದ ಹವಾಮಾನ ಇಲಾಖೆ ತನ್ನ ಉಪಕರಣಗಳನ್ನು ತಾನೇ ತಯಾರಿಸುವಂತೆ ಮಾಡಿದರು. ಬುಷೆಗೆ ಪದವಿ ಇತ್ತು, ಲ್ಯಾಬು ಇರಲಿಲ್ಲ. ಮಣಿಯವರಿಗೆ ಲ್ಯಾಬು ಇತ್ತು, ಪದವಿ ಸಿಗಲಿಲ್ಲ. ಎರಡೂ ಬೇಕು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ, ಅದನ್ನು ದಾಟಿ ಹೋಗುವಂತಿಲ್ಲ. ಜಾಗಗಳು ಹತ್ತೇ ಇದ್ದು ಅರ್ಜಿಗಳು ಐನೂರು ಇದ್ದರೆ, ಹೆಚ್ಚು ಅಂಕ ತೆಗೆದವನನ್ನು ಬಿಟ್ಟು ಕಡಿಮೆ ತೆಗೆದವಳನ್ನು ಆರಿಸಿದರೆ ಅವನಿಗೆ ಅನ್ಯಾಯವಾಗುವುದಿಲ್ಲವೇ? ಅವನೂ ರಾತ್ರಿಯೆಲ್ಲ ಓದಿದವನು. ಅವನ ನಿರಾಸೆಯನ್ನು ಹಗುರವಾಗಿ ತೆಗೆದುಕೊಳ್ಳುವವರ ಜೊತೆ ನಾನಿಲ್ಲ. ಆದರೆ ಈ ಆಕ್ಷೇಪದ ಒಳಗೊಂದು ನಂಬಿಕೆ ಅಡಗಿದೆ. ಇಂಟರ್ನ್‌ಶಿಪ್ ಎಂದರೆ ಹಿಂದಿನ ಓದಿಗೆ ಕೊಡುವ ಬಹುಮಾನ ಎಂಬ ನಂಬಿಕೆ. ಬಹುಮಾನವಾದರೆ ಅಂಕಪಟ್ಟಿ ನೋಡಿ ಕೊಡುವುದೇ ಸರಿ. ಅದು ಕಲಿಯುವ ಜಾಗವಾದರೆ, ಅಲ್ಲಿಗೆ ಬಾರದೆ ಇನ್ನೆಲ್ಲೂ ಕಲಿಯಲಾಗದವರು ಯಾರು ಎಂದೂ ಕೇಳಬೇಕಾಗುತ್ತದೆ. ದೊಡ್ಡ ಸಂಸ್ಥೆಯ ವಿದ್ಯಾರ್ಥಿಗೆ ಈ ಬೇಸಿಗೆ ತಪ್ಪಿದರೆ ತನ್ನದೇ ಕ್ಯಾಂಪಸ್ಸಿನಲ್ಲಿ ಇನ್ನೊಂದು ಲ್ಯಾಬಿನ ಬಾಗಿಲು ತಟ್ಟಬಹುದು. ನಮ್ಮ ಕಾಲೇಜಿನವಳು ತಟ್ಟಲು ಬಾಗಿಲೇ ಇಲ್ಲ. ಒಂದು ಸಲ ಒಳಗೆ ಹೋದವನಿಗೆ ಶಿಫಾರಸು ಪತ್ರ ಸಿಗುತ್ತದೆ, ಆ ಪತ್ರದಿಂದ ಮುಂದಿನ ಅವಕಾಶ. ಮೊದಲ ಬಾಗಿಲು ಯಾರಿಗೆ ತೆರೆಯಿತು ಎಂಬುದರ ಮೇಲೆ ಉಳಿದ ಬಾಗಿಲುಗಳ ಲೆಕ್ಕ ನಿಂತಿದೆ. ಅದಕ್ಕೇ ಮೊದಲ ಬಾಗಿಲಿನ ನ್ಯಾಯವನ್ನು ಅಂಕಪಟ್ಟಿಯೊಂದಕ್ಕೇ ಬಿಡಬಾರದು.

ಹತ್ತು ವಾರದ ಬೇಸಿಗೆಯಿಂದ ಎಲ್ಲ ಸರಿಹೋಗುವುದೂ ಇಲ್ಲ. ಲ್ಯಾಬಿನಲ್ಲಿ ಕೂರಿಸಿ ಲೋಟ ತೊಳೆಯಲು ಹಚ್ಚಿದರೆ, ಗುಂಪಿನ ಫೋಟೊಕ್ಕೆ ಮಾತ್ರ ಕರೆದರೆ, ಹೋದ ಮೇಲೆ ಯಾರೂ ವಿಚಾರಿಸದಿದ್ದರೆ, ಆ ಬೇಸಿಗೆ ‘ಇದು ನಮ್ಮಂಥವರಿಗಲ್ಲ’ ಎಂಬ ಅನುಮಾನವನ್ನೇ ಗಟ್ಟಿ ಮಾಡಿ ಕಳಿಸಬಹುದು. ಒಂದು ಯೋಜನೆ ಚೆನ್ನಾಗಿದೆಯೇ ಎಂದು ಅಳೆಯಲು ಅದರಿಂದ ಎಷ್ಟು ಮಂದಿ ವೆಸ್ಟ್‌ಗಳು ಬಂದರೆಂದು ನಾನು ಎಣಿಸಲಾರೆ. ಅಲ್ಲಿಗೆ ಬಂದ ಸಾಧಾರಣ ವಿದ್ಯಾರ್ಥಿನಿ ಒಂದು ಉಪಕರಣ ಕೆಡಿಸಿದ ದಿನ ಏನಾಯಿತು ಎಂದು ಕೇಳಬಯಸುತ್ತೇನೆ. “ಹೋಗಲಿ, ಯಾಕೆ ಹಾಗಾಯ್ತು ನೋಡೋಣ ಬಾ” ಎಂದರೇ? ಹಾಗಿದ್ದರೆ ಅವಳು ನಿಜವಾಗಿ ಒಳಗಿದ್ದಾಳೆ.

ನಮ್ಮಲ್ಲಿ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪ್ರತಿವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಅವುಗಳಲ್ಲೊಂದು ಬೆಂಗಳೂರಿನಲ್ಲೇ ಇದೆ. ಆ ಹುಡುಗಿ ಎರಡನೇ ವರ್ಷದಲ್ಲಿದ್ದಾಗ ಅದರ ಪ್ರಕಟಣೆ ಬಂತು. ಅಧ್ಯಾಪಕರ ಶಿಫಾರಸು ಬೇಕಿತ್ತು. ನಾನು ತರಗತಿಗೆ ಮೊದಲಿಗನಾಗಿದ್ದ ಹುಡುಗನನ್ನು ಕರೆದು ಅರ್ಜಿ ಹಾಕಿಸಿದೆ, ಪತ್ರ ಬರೆದೆ. ಅವನು ಅರ್ಹನೇ, ಅದರಲ್ಲಿ ನನಗೆ ವಿಷಾದವಿಲ್ಲ. ಅವಳನ್ನು ಕರೆಯಬೇಕೆಂದು ಹೊಳೆಯಲೇ ಇಲ್ಲ. ಕೊನೆಯ ದಿನಾಂಕ ಮುಗಿದ ಮೇಲೆ ನೋಟಿಸ್ ಬೋರ್ಡಿನ ಹತ್ತಿರ ಸಿಕ್ಕಿ, ಅದು ಎಂಥವರಿಗೆ ಸರ್ ಎಂದು ಕೇಳಿದಳು. ಮುಂದಿನ ವರ್ಷ ಹಾಕುವಿಯಂತೆ ಅಂದೆ. “ಬೇಡ ಸರ್, ಅಲ್ಲಿ ಹೋಗಿ ಏನಾದ್ರೂ ತಪ್ಪು ಮಾಡಿದ್ರೆ ಕಾಲೇಜಿಗೇ ಕೆಟ್ಟ ಹೆಸರು” ಅಂದಳು. ಆ ಮಾತು ಅವಳಿಗೆ ಎಲ್ಲಿಂದ ಬಂದಿತ್ತೆಂದು ನನಗೆ ಗೊತ್ತು. ರೀಡಿಂಗ್ ತಿದ್ದಿ ಬರೆದುಕೊಂಡು ಬಾ ಎಂದು ಕಳಿಸಿದವನು ನಾನೇ.

ಈಗ ಶಿಫಾರಸು ಪತ್ರ ಬರೆಯುವ ಕಾಲ ಬಂದಾಗ ಅಂಕಪಟ್ಟಿಯ ಜೊತೆ ಅವರ ಕಚ್ಚಾ ನೋಟ್‌ಬುಕ್ಕನ್ನೂ ತರಿಸಿಕೊಳ್ಳುತ್ತೇನೆ. ತಿದ್ದದೆ ಉಳಿಸಿಕೊಂಡ ರೀಡಿಂಗ್ ಯಾರಲ್ಲಿದೆ ಎಂದು ನೋಡುತ್ತೇನೆ. ಬ್ರ್ಯಾಕೆಟ್ಟಿನ ತಿರುಪನ್ನು ಬಿಗಿ ಮಾಡಿಸಿದ್ದೇನೆ. ನ್ಯಾಯಮೂರ್ತಿ ರಾಬರ್ಟ್ಸ್ ಅವರು 2023ರಲ್ಲಿ ಬರೆದ ತೀರ್ಪು ಅಮೆರಿಕದ ಕಾಲೇಜು ಪ್ರವೇಶಾತಿಯಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ ಕೊನೆ ಹಾಡಿತು. ಅವರ ಹಳೆಯ ಪ್ರಶ್ನೆಗೆ ಉತ್ತರ ಮಾತ್ರ ನನಗೆ ನಮ್ಮ ಲ್ಯಾಬಿನಲ್ಲೇ ಸಿಕ್ಕಿದೆ. ನನ್ನ ವಿದ್ಯಾರ್ಥಿನಿ ಭೌತಶಾಸ್ತ್ರದ ತರಗತಿಗೆ ತಂದಿದ್ದು ವಿಶೇಷ ದೃಷ್ಟಿಕೋನವೇನಲ್ಲ, ಒಂದು ಸಾಧಾರಣ ಅಳತೆ, 9.4. ಅದನ್ನು ಯಾರು ಬೇಕಾದರೂ ತರಬಹುದಿತ್ತು. ತಂದವಳಿಗೆ ಅದನ್ನು ಇಟ್ಟುಕೊಳ್ಳಲು ನಾನು ಬಿಡಲಿಲ್ಲ.